ಶನಿವಾರದ ಗಾಣ

ಒಂದು ಕಾಲ ಇತ್ತಂತೆ ಮಗಾ, ಆ ಕಾಲದಲ್ಲಿ ಒಂದು ವ್ಯಾಪಾರ ಎದ್ದಿತಂತೆ. ಏಳು ದಿನದಲ್ಲಿ ಒಂದೇ ಒಂದು ದಿನ ಕೊಡಬೇಕು. ಕೊಟ್ಟರೆ ಮನೆ, ಬಾವಿ, ಗಾಣ ಮೂರೂ ಉಳಿಯುತ್ತೆ, ಮೇಲೆ ಇಡೀ ಕಿಲ್ಲೆಗೆ ಎಣ್ಣೆ ಹಾಕೋ ಗುತ್ತಿಗೆಯೂ ಸಿಗುತ್ತೆ. ಕೊಡದಿದ್ದರೆ ಮೂರನ್ನೂ ಬಿಟ್ಟು ದೋಣಿ ಹತ್ತಬೇಕು. ಕೇಳಿದವನು ಕಿಲ್ಲೆಯ ಹೊಸ ಕಾರಭಾರಿ, ಕೇಳಿಸಿಕೊಂಡವಳು ಅಕೂಬಾಯಿ ಅನ್ನೋ ಗಾಣದವಳು. ದಿಂಬು ಸರಿ ಮಾಡ್ಕೋ, ಕಾಲು ಒದೀಬೇಡ, ಹೇಳ್ತೀನಿ.

ಈ ಅಕೂಬಾಯಿ ಯೆಹೂದಿ ಹೆಂಗಸಂತೆ. ಕಡಲಂಚಿನ ಊರು, ಗಂಡ ತೀರಿಕೊಂಡಿದ್ದ, ಮೂರು ಜನ ಗಂಡುಮಕ್ಕಳು, ಸಮಾಜಿ, ಮೂಸಾಜಿ, ಬುನ್ನಾಜಿ. ಎಳ್ಳು, ಕೊಬ್ಬರಿ ಅರೆದು ಎಣ್ಣೆ ತೆಗೆಯೋದು ಅವರ ಕಸುಬು. ಅಳತೇಲಿ ಒಂದು ತೊಟ್ಟು ಕಮ್ಮಿ ಇಲ್ಲ. ಆದರೆ ಶುಕ್ರವಾರ ಹೊತ್ತು ಮುಳುಗೋ ಮುಂಚೆ ದೀಪ ಹಚ್ಚಿಟ್ಟು ಎತ್ತಿನ ನೊಗ ಇಳಿಸಿದರೆ ಆಯ್ತು, ಮಾರನೇ ಸಂಜೆ ಚುಕ್ಕಿ ಕಾಣೋವರೆಗೂ ಗಾಣ ತಿರುಗೋದಿಲ್ಲ, ಒಲೆ ಹತ್ತೋದಿಲ್ಲ, ಬಾವಿಗೆ ಕೊಡ ಇಳಿಯೋದಿಲ್ಲ. ಅದಕ್ಕೇ ಊರವರು ಅವರನ್ನ ಶನಿವಾರದ ಗಾಣಿಗರು ಅಂತಿದ್ದರಂತೆ.

ಅವರ ಹಿಂದಿನವರು ದೂರದ ದೇಶದಲ್ಲಿ ಇದ್ದರಂತೆ. ಅಲ್ಲಿ ಮೊದಲನೇ ರಾಜ, ನೀವು ಬೇರೆಯವರು, ಗುರುತು ಸಿಗಬೇಕು, ಬಟ್ಟೆ ಮೇಲೆ ಹಳದಿ ತುಂಡು ಹೊಲಿಸಿಕೊಳ್ಳಿ ಅಂದನಂತೆ. ಆಮೇಲೆ ಎರಡನೇ ರಾಜನ ಊರಿಗೆ ಜ್ವರ ಬಂತಂತೆ, ಬಾವಿಗೆ ವಿಷ ಹಾಕಿದೋರು ಇವರೇ ಅಂತ ಮನೆಗಳಿಗೆ ಬೆಂಕಿ ಇಡಿಸಿದನಂತೆ. ಅವರೂ ಅದೇ ಬಾವಿ ನೀರು ಕುಡಿದು ಅದೇ ಜ್ವರದಲ್ಲಿ ಸಾಯ್ತಿದ್ದರು ಮಗಾ, ಅಷ್ಟೂ ಕಾಣಲಿಲ್ಲವಾ ಆ ಮನುಷ್ಯನಿಗೆ! ಆಮೇಲೆ ಮೂರನೇ ರಾಜ, ಕಾಯಿಲೆ ಬಿದ್ದಾಗ ಇವರ ವೈದ್ಯರ ಕೈಲೇ ಔಷಧಿ ಕುಡಿದು ಎದ್ದು ಕೂತವನು, ನನ್ನ ದೇವರನ್ನ ಹಿಡೀರಿ, ಇಲ್ಲಾಂದ್ರೆ ಹಡಗು ಹತ್ತಿ ಅಂದನಂತೆ. ಹತ್ತಿದರು. ಹಡಗು ಈ ದಡದ ಹತ್ತಿರ ಬಂಡೆಗೆ ಬಡಿದು, ಪುಸ್ತಕ, ಪಾತ್ರೆ, ಅರ್ಧ ಜನ ನೀರು ಪಾಲಾದರಂತೆ. ಉಳಿದವರ ಬಾಯಲ್ಲಿ ಇದ್ದದ್ದು ದೇವರು ಒಬ್ಬನೇ ಅನ್ನೋ ಒಂದು ಸಾಲು, ಕೈಯಲ್ಲಿ ಇದ್ದದ್ದು ಆ ಶನಿವಾರ.

ಏನು ತಪ್ಪು ಮಾಡಿದ್ದರು ಅಂತೀಯಾ? ಏನೂ ಇಲ್ಲ ಕಣೋ. ಅದಕ್ಕೇ ನನಗೆ ಈ ಕತೆ ಹೇಳುವಾಗೆಲ್ಲ ಮೈ ಉರಿಯೋದು.

ಸರಿ, ಕಾರಭಾರಿ ಬಂದು ಕೇಳಿದನಲ್ಲ, ಕಿಲ್ಲೆಯ ದೀಪಕ್ಕೆ ಎಣ್ಣೆ ಸಾಲದು, ಶನಿವಾರ ಗಾಣ ಹೂಡ್ತೀರೋ, ಊರು ಬಿಡ್ತೀರೋ ಅಂತ? ಅವನು ಹೋದಮೇಲೆ ಮೂರು ಮಕ್ಕಳೂ ತಾಯಿ ಮುಂದೆ ಕೂತರಂತೆ. ಸಮಾಜಿ ಅಂದ, ಆಯೀ, ಒಂದು ದಿನ ತಾನೇ, ಕೊಟ್ಟುಬಿಡೋಣ, ಹೊಟ್ಟೆಗೆ ಆಗುತ್ತೆ. ಮೂಸಾಜಿ ಅಂದ, ಆಯೀ, ಅವನ ಪೇಟ ಕಿತ್ತು ಗಾಣಕ್ಕೆ ಹಾಕ್ತೀನಿ. ಬುನ್ನಾಜಿ ಅಂದ, ಆಯೀ, ದೋಣಿ ನೋಡ್ತೀನಿ, ಹೋಗೋಣ. ಅಕೂಬಾಯಿ ಅಂದಳಂತೆ, ಸಮಾಜಿ, ಇವತ್ತು ಶನಿವಾರ ಕೊಟ್ಟರೆ ನಾಳೆ ದೇವರನ್ನ ಕೇಳ್ತಾನೆ, ಆಗ ಯಾವ ಹೊಟ್ಟೆ ತೋರಿಸ್ತೀಯ? ಮೂಸಾಜಿ, ಆ ಪೇಟದಲ್ಲಿ ಎಣ್ಣೆ ಬರಲ್ಲ, ಸುಮ್ಮನಿರು. ಬುನ್ನಾಜಿ, ಓಡಿ ಓಡಿ ಮುಂದೆ ಸಮುದ್ರ ಬಂದುಬಿಟ್ಟಿದೆ, ಇನ್ನೆಲ್ಲಿಗೆ ಓಡ್ತೀಯ, ಕೂತ್ಕೋ.

ಅವರು ಶನಿವಾರ ಕೊಡಲೂ ಇಲ್ಲ, ಊರು ಬಿಡಲೂ ಇಲ್ಲ ಅಂದಮೇಲೆ ಕಾರಭಾರಿ ಅವರ ಎರಡು ಎತ್ತೂ ಹೊಡೆದುಕೊಂಡು ಹೋಗಿ ಕಿಲ್ಲೆಯ ಕಲ್ಲು ಎಳೆಸೋಕೆ ಕಟ್ಟಿದನಂತೆ. ಮಕ್ಕಳು ಮೂವರೂ ತಾವೇ ನೊಗಕ್ಕೆ ಹೆಗಲು ಕೊಟ್ಟು ಆರು ದಿನ ಗಾಣ ತಿರುಗಿಸಿದರು, ಏಳನೇ ದಿನ ಕೂತರು. ಅದನ್ನ ನೋಡಿ ಅವನಿಗೆ ಇನ್ನೂ ಹೊಟ್ಟೆ ಉರಿ. ಬಾವಿ ಬಾಯಿಗೆ ಹಲಗೆ ಬಡಿಸಿ ಕಿಲ್ಲೆಯ ಒಡೆಯ ಕಿಲ್ಲೇದಾರನಿಂದ ಇಸ್ಕೊಂಡ ಅರಗಿನ ಮುದ್ರೆ ಒತ್ತಿಸಿಬಿಟ್ಟನಂತೆ. ಪಕ್ಕದ ಬೀದೀಲಿ ಈರಬಸಪ್ಪ ಅಂತ ಇನ್ನೊಬ್ಬ ಗಾಣದವನು. ಅವನು ಸೋಮವಾರದವನು, ಶಿವನ ವಾರ ಅಂತ ಸೋಮವಾರ ಬಸವಣ್ಣನ ಹೆಗಲಿಗೆ ನೊಗ ಇಡೋನಲ್ಲ. ಅವನ ಹೆಂಡತಿ ದಿನಾ ಬೆಳಿಗ್ಗೆ ಇವರ ಬೇಲಿ ಹತ್ತಿರ ಎರಡು ಕೊಡ ನೀರು ಮರೆತು ಹೋಗ್ತಿದ್ದಳಂತೆ. ದಿನಾ ಮರೀತಿದ್ದಳು, ಪಾಪ.

ಆಮೇಲೆ ಒಂದು ಶನಿವಾರ ಮಧ್ಯಾಹ್ನ ಅವರ ಮನೆ ಹತ್ತಿರದ ಒಬ್ಬ ಅಂಬಿಗನ ಗುಡಿಸಲಿಗೆ ಬೆಂಕಿ ಬಿತ್ತು. ಒಳಗೆ ಅವನ ಮಗಳು, ಇನ್ನೂ ನಡೆಯೋಕೆ ಬರದ ಕೂಸು. ಅಕೂಬಾಯಿ ಒಂದು ಗಳಿಗೆ ಯೋಚನೆ ಮಾಡಲಿಲ್ಲವಂತೆ. ಹಾರೆ ತಗೊಂಡು ಬಾವಿ ಮುದ್ರೆ ಒಡೆದಳು, ಹಲಗೆ ಕಿತ್ತಳು, ಶನಿವಾರ ಮುಟ್ಟದ ಹಗ್ಗ ಹಿಡಿದು ನೀರು ಸೇದಿದಳು. ಸಮಾಜಿ, ಬುನ್ನಾಜಿ ಹೊತ್ತು ಹೊತ್ತು ಸುರಿದರು, ಮೂಸಾಜಿ ಒಳಗೆ ನುಗ್ಗಿ ಕೂಸನ್ನ ಎತ್ತಿಕೊಂಡು ಬಂದ. ಕೂಸು ಉಳೀತು.

ಆ ಕಾರಭಾರಿ ಏನು ಮಾಡಬೇಕಿತ್ತು ಹೇಳು? ಕೈ ಮುಗೀಬೇಕಿತ್ತು. ಅವನು ಕುಣಿದುಬಿಟ್ಟ! ಸಿಕ್ಕಿಬಿದ್ದಿರಿ, ಶನಿವಾರ ನೀರು ಸೇದಿದಿರಿ, ಬೆಂಕಿ ಆರಿಸಿದಿರಿ, ಸರ್ಕಾರದ ಮುದ್ರೇನೂ ಒಡೆದಿರಿ, ನಿಮ್ಮ ನೇಮ ಬರೀ ಸೋಗು ಅಂತ ಕಿಲ್ಲೇದಾರನ ಹತ್ತಿರ ಎಳೆದುಕೊಂಡು ಹೋದನಂತೆ. ಹೋಗೋ ದಾರೀಲೇ ಈರಬಸಪ್ಪನನ್ನ ಕರೆದು, ಇವರ ಗಾಣ ನಿನಗೇ ಕೊಡಿಸ್ತೀನಿ, ಇವರು ಮೋಸದವರು ಅಂತ ಸಾಕ್ಷಿ ಹೇಳು ಅಂದ. ಎರಡನೇ ಗಾಣ ಅಂದರೆ ಯಾರಿಗೆ ಬೇಡ? ಈರಬಸಪ್ಪನ ಬಾಯಲ್ಲೂ ನೀರು ಬಂತಂತೆ. ಆದರೂ ಒಂದು ಮಾತು ಕೇಳಿಟ್ಟುಕೊಂಡ, ಬುದ್ಧಿವಂತ. ಬುದ್ಧೀ, ಸೋಮವಾರ ನಾನು ಗಾಣ ಹೂಡಲ್ಲ, ಅದು ಹೇಗೆ ಅಂದ. ಕಾರಭಾರಿ ನಕ್ಕು, ಎತ್ತಿಗೇನು ವಾರ ಗೊತ್ತೇನಯ್ಯಾ, ಹೂಡು ಅಂದುಬಿಟ್ಟನಂತೆ. ಈರಬಸಪ್ಪ ಅವರ ಹಿಂದೆ ಹಿಂದೆ ನಡೆದ.

ಕಿಲ್ಲೇದಾರ ಕೇಳಿದನಂತೆ, ಏನಮ್ಮಾ, ಬೆಂಕಿಗೆ ನೀರು ಹೊಯ್ಯೋಕೆ ಬಂದ ಕೈ ನನ್ನ ದೀಪಕ್ಕೆ ಎಣ್ಣೆ ತೆಗೆಯೋಕೆ ಯಾಕೆ ಬರಲ್ಲ? ಅಕೂಬಾಯಿ ತಲೆ ತಗ್ಗಿಸಲಿಲ್ಲ. ಧಣೀ, ಜೀವ ಹೋಗೋ ಹೊತ್ತಿಗೆ ಶನಿವಾರ ಮುರೀಬೇಕು ಅನ್ನೋದೂ ನಮ್ಮ ನೇಮವೇ. ಆ ಬೆಂಕಿ ಒಳಗೆ ಒಂದು ಕೂಸಿತ್ತು. ನಿಮ್ಮ ಎಣ್ಣೆ ಗಡಿಗೆಯ ಒಳಗೆ ಯಾರ ಕೂಸಿದೆ, ಹೇಳಿ, ಈಗಲೇ ಗಾಣ ಹೂಡ್ತೀನಿ ಅಂದಳಂತೆ.

ಆಮೇಲೆ ಈರಬಸಪ್ಪ ಮುಂದೆ ಬಂದ. ಸಾಕ್ಷಿ ಹೇಳ್ತೀನಿ ಬುದ್ಧೀ, ಮೋಸ ಇವರದಲ್ಲ. ಶನಿವಾರ ನಾನು ಎಣ್ಣೆ ಹಾಕ್ತೀನಿ, ಸೋಮವಾರ ಈ ಅಕ್ಕ ಹಾಕ್ತಾಳೆ, ಮಿಕ್ಕ ದಿನ ಇಬ್ಬರೂ. ನಿಮ್ಮ ದೀಪ ಏಳು ದಿನವೂ ಉರಿಯುತ್ತೆ, ಇನ್ನೇನು ಬೇಕು ಅಂದ. ಕಾರಭಾರಿ ಮುಖ ಕೆಂಪಾಯ್ತು. ಎಣ್ಣೆ ಯಾರಿಗೆ ಬೇಕೋ, ನನಗೆ ಬೇಕಾದ್ದು ಅವಳ ಶನಿವಾರ ಅಂತ ಕಿರುಚಿದನಂತೆ!

 ಕಿಲ್ಲೇದಾರ ಅಂದ, ಅಯ್ಯಾ, ದೀಪಕ್ಕೆ ಎಣ್ಣೆ ಸಾಲದು ಅಂತ ಹೇಳಿ ನನ್ನ ಮುದ್ರೆ ಇಸ್ಕೊಂಡೆ. ಅವಳ ಶನಿವಾರ ತಗೊಂಡು ನಾನು ಯಾವ ದೀಪಕ್ಕೆ ಹಾಕಲಿ? ಅವತ್ತೇ ಕಾರಭಾರಿ ಕೆಲಸ ಹೋಯ್ತಂತೆ, ಎತ್ತು ಬಿಟ್ಟರಂತೆ, ಬಾವಿಯೂ ಬಿಟ್ಟುಕೊಟ್ಟರಂತೆ. ತಪ್ಪಾಯ್ತು ಅಂತ ಮಾತ್ರ ಒಬ್ಬನೂ ಬಾಯಿ ಬಿಡಲಿಲ್ಲ. ಆ ಕಿಲ್ಲೇದಾರನೂ ಬಿಡಲಿಲ್ಲ. ನ್ಯಾಯ ಕೊಟ್ಟೆ ಅಂತ ಮೀಸೆ ತಿರುವಿಕೊಂಡು ಒಳಗೆ ಹೋದನಂತೆ, ತನ್ನ ಮನೆಯಿಂದ ತಂದು ಕೊಟ್ಟವನ ಹಾಗೆ!

ಅಲ್ಲಿಂದ ಮುಂದೆ ಎರಡು ಗಾಣದವರೂ ಚೆನ್ನಾಗಿ ಬಾಳಿದರಂತೆ. ಕತೆ ಇಲ್ಲಿಗೆ ತೀರಿತು, ಕಣ್ಣು ಮುಚ್ಚು. ಅಷ್ಟೆಲ್ಲ ಪಟ್ಟಮೇಲೆ ಅಕೂಬಾಯಿಗೆ ದಕ್ಕಿದ್ದು ಇಷ್ಟು: ತನ್ನದೇ ಮನೆ, ತನ್ನದೇ ಬಾವಿ, ತನ್ನದೇ ಗಾಣ, ಒಂದು ಗಟ್ಟಿ ಎತ್ತು, ಕಲ್ಲು ಎಳೆದು ಕುಂಟಾದ ಇನ್ನೊಂದು ಎತ್ತು, ಪಕ್ಕದ ಬೀದೀಲಿ ಒಬ್ಬ ತಮ್ಮ, ಆಮೇಲೆ ಮೊದಲಿಂದಲೂ ಅವಳದೇ ಆಗಿದ್ದ ಒಂದು ದಿನ.