ಆನೆಯ ನಾಣ್ಯ ಮತ್ತು ಇಲಿಯವ್ವನ ಬಾಗಿಲು

ಬನ್ನಿ, ಹತ್ತಿರ ಬನ್ನಿ. ಕಾಲು ಮಡಚಿ ಕೂತುಕೊಳ್ಳಿ. ನಾನು ಹೇಳುತ್ತೇನೆ, ನೀವು ಹೂಂ ಅನ್ನಿ.

ಹಿರೇಗುಡ್ಡ ಅಂತ ಒಂದು ಊರು. ಊರ ಹಿಂದೆ ಒಂದು ಹಾಳು ಕೋಟೆ. ಆ ಊರಲ್ಲಿ ಒಬ್ಬಳು ಹುಡುಗಿ. ಅವಳ ಹೆಸರು ದ್ಯಾಮಿ. ಅವಳಿಗೆ ಏಳು ವರ್ಷ.

ಒಂದು ದಿನ ಜೋರು ಮಳೆ ಬಂತು. ಕೋಟೆಯ ಮಣ್ಣು ಕೊಚ್ಚಿ ಹೋಯಿತು. ಮರುದಿನ ಬೆಳಿಗ್ಗೆ ದ್ಯಾಮಿ ಸೊಪ್ಪು ಕೀಳಲು ಅಲ್ಲಿಗೆ ಹೋದಳು. ಸೊಪ್ಪಿನ ಬುಡದಲ್ಲಿ ಏನೋ ಕಂಡಿತು. ಗುಂಡಗಿತ್ತು. ಹಸಿರು ಪಾಚಿ ಕಟ್ಟಿತ್ತು. ತೆಗೆದಳು. ಲಂಗಕ್ಕೆ ಒರೆಸಿದಳು. ಅದು ನಾಣ್ಯ! ತಾಮ್ರದ ನಾಣ್ಯ. ಬಹಳ ಹಳೇ ಕಾಲದ್ದು. ಒಂದು ಕಡೆ ಅಕ್ಷರ. ಯಾರಿಗೂ ಓದಲು ಬಾರದ ಅಕ್ಷರ. ಇನ್ನೊಂದು ಕಡೆ ಆನೆ.

ಆ ಕೋಟೆಯಲ್ಲಿ ಮೊದಲೂ ನಾಣ್ಯ ಸಿಕ್ಕಿದ್ದವಂತೆ. ಕೆಲವನ್ನು ಕರಗಿಸಿ ಚೊಂಬು ಮಾಡಿಸಿದರಂತೆ. ಕೆಲವು ಎಲ್ಲಿ ಹೋದವೋ ಗೊತ್ತಿಲ್ಲ. ಊರಲ್ಲಿ ಒಂದೂ ಉಳಿದಿರಲಿಲ್ಲ. ಈಗ ಇದೊಂದೇ.

ಅವತ್ತು ಶಾಲೆಗೆ ಪೇಟೆಯಿಂದ ಮ್ಯೂಸಿಯಂ ಅಕ್ಕೋರು ಬಂದಿದ್ದರು. ಮ್ಯೂಸಿಯಂ ಅಂದರೆ ಹಳೇ ಸಾಮಾನುಗಳನ್ನು ಜೋಪಾನ ಮಾಡುವ ಮನೆ. ಯಾರು ಬೇಕಾದರೂ ಹೋಗಿ ನೋಡಬಹುದು. ಯಾರಿಗಾದರೂ ಹಳೇದೇನಾದರೂ ಸಿಕ್ಕಿದ್ದರೆ ತಂದು ತೋರಿಸಿ, ಅಕ್ಕೋರು ಸಂಜೆ ಬಸ್ಸಿಗೆ ಹೋಗಿಬಿಡುತ್ತಾರೆ ಅಂತ ಮಾಸ್ತರರು ಹಿಂದಿನ ದಿನವೇ ಹೇಳಿದ್ದರು.

ದ್ಯಾಮಿ ಮುಷ್ಟಿ ಬಿಗಿ ಹಿಡಿದಳು. ತಟತಟ ತಟತಟ ಓಡಿದಳು. ಬೇವಿನ ಮರದ ಕಟ್ಟೆಯ ಹತ್ತಿರ ಎಡವಿದಳು. ಮುಷ್ಟಿ ಬಿಚ್ಚಿತು. ನಾಣ್ಯ ಟಣ್ ಅಂತು. ಗುರುಗುರು ಉರುಳಿತು. ಕಟ್ಟೆಯ ಕಲ್ಲಿನ ಸಂದಿಗೆ ಹೋಯಿತು.

ದ್ಯಾಮಿ ಸಂದಿಗೆ ಕಣ್ಣಿಟ್ಟು ನೋಡಿದಳು. ಒಳಗೆ ಒಂದು ಬಿಲ. ಬಿಲದಲ್ಲಿ ಇಲಿಯವ್ವ. ಅವಳ ಮಗ್ಗುಲಲ್ಲಿ ಐದು ಮರಿ. ಕೆಂಪು ಕೆಂಪು, ಕಣ್ಣು ಬಿಡದ ಮರಿ. ಬಿಲಕ್ಕೆ ಗಾಳಿ ನುಗ್ಗುತ್ತಿತ್ತಂತೆ. ಮರಿಗಳು ರಾತ್ರಿಯೆಲ್ಲ ನಡುಗಿದ್ದವಂತೆ. ಈಗ ನಾಣ್ಯ ಬಂತಲ್ಲ? ಇಲಿಯವ್ವ ಅದನ್ನು ಎಳೆದು ಬಿಲದ ಬಾಯಿಗೆ ನಿಲ್ಲಿಸಿದಳು. ಸರಿಯಾಗಿ ಕೂತಿತು. ಗಾಳಿ ನಿಂತಿತು. ಮರಿಗಳು ಮಲಗಿದವು.

ದ್ಯಾಮಿ ನಾಣ್ಯ ಕೇಳಿದಳು.

"ಇದು ನನ್ನ ಮನೀ ಬಾಗಿಲ," ಅಂದಳು ಇಲಿಯವ್ವ. "ತಗದ್ರ ಮಕ್ಕಳಿಗೆ ಥಂಡಿ ಆಗ್ತದ. ಬ್ಯಾರೆ ಬಾಗಿಲ ತಂದು ಕೊಡು. ನಾಣ್ಯ ತಗೊಂಡು ಹೋಗು."

ಇಲಿಗೆ ಎಂಥ ಬಾಗಿಲು? ಪುಟ್ಟ ಮಡಕೆಯ ಪುಟ್ಟ ಮುಚ್ಚಳ ಆದೀತು. ದ್ಯಾಮಿ ತಟತಟ ತಟತಟ ಓಡಿದಳು. ಕುಂಬಾರ ಮಾವನ ಮನೆಗೆ ಹೋದಳು.

"ಕುಂಬಾರ ಮಾವ, ಮುಚ್ಚಳ ಕೊಡು.
ಮುಚ್ಚಳ ಕೊಟ್ರ ಇಲಿಯವ್ವ ನಾಣ್ಯ ಕೊಡ್ತಾಳ.
ನಾಣ್ಯ ಕೊಟ್ರ ಅಕ್ಕೋರು ಜೋಪಾನ ಇಡ್ತಾರ.
ಆನೀನ ಎಲ್ಲಾರೂ ನೋಡ್ತಾರ."

ಕುಂಬಾರ ಮಾವ ಕೊಡೂದಿಲ್ಲ ಅನ್ನಲಿಲ್ಲ. ಕೊಡಲೂ ಇಲ್ಲ. ಅವನ ಮಡಕೆ ಮಾಡುವ ತಿಗರಿ ಸುಮ್ಮನೆ ನಿಂತಿತ್ತು. ಮಣ್ಣು ಮುಗಿದಿತ್ತು. ಕೆರೆಯಿಂದ ಮಣ್ಣು ಹೊರುವ ಕತ್ತೆ ಮಲಗಿಬಿಟ್ಟಿತ್ತು. ಅದನ್ನು ಎಬ್ಬಿಸು, ಮಣ್ಣು ಬರಲಿ, ಮುಚ್ಚಳ ನಿನ್ನದು ಅಂದ.

ದ್ಯಾಮಿ ಹಿತ್ತಲಿಗೆ ಹೋದಳು. ಕತ್ತೆ ಕಾಲು ಚಾಚಿ ಮಲಗಿತ್ತು.

"ಕತ್ತೆಪ್ಪ, ಕತ್ತೆಪ್ಪ, ಮ್ಯಾಲೇಳು.
ಕತ್ತೆಪ್ಪ ಎದ್ರ ಮಣ್ಣು ಬರ್ತದ.
ಮಣ್ಣು ಬಂದ್ರ ಕುಂಬಾರ ಮಾವ ಮುಚ್ಚಳ ಕೊಡ್ತಾನ.
ಮುಚ್ಚಳ ಕೊಟ್ರ ಇಲಿಯವ್ವ ನಾಣ್ಯ ಕೊಡ್ತಾಳ.
ನಾಣ್ಯ ಕೊಟ್ರ ಅಕ್ಕೋರು ಜೋಪಾನ ಇಡ್ತಾರ.
ಆನೀನ ಎಲ್ಲಾರೂ ನೋಡ್ತಾರ."

ಕತ್ತೆಪ್ಪ ಏಳೂದಿಲ್ಲ ಅನ್ನಲಿಲ್ಲ. ಏಳಲೂ ಇಲ್ಲ. ಒಂದು ಕಿವಿ ಎತ್ತಿದ. ಮತ್ತೆ ಇಳಿಸಿದ. ಅವನಿಗೆ ಹಸಿವು. ಹಸಿರು ಹುಲ್ಲು ತಿಂದು ನಾಲ್ಕು ದಿನ ಆಗಿತ್ತಂತೆ.

ದ್ಯಾಮಿ ತಟತಟ ತಟತಟ ಓಡಿದಳು. ಕೆರೆಯ ಏರಿಗೆ ಹೋದಳು. ಏರಿಯ ಮೇಲೆ ಹುಲ್ಲು. ಮೊಳಕಾಲು ಎತ್ತರದ ಹುಲ್ಲು. ಎರಡೂ ಕೈಯಲ್ಲಿ ಹಿಡಿದಳು.

"ಹುಲ್ಲವ್ವ, ಹುಲ್ಲವ್ವ, ಹುಲ್ಲು ಕೊಡು.
ಹುಲ್ಲು ಕೊಟ್ರ ಕತ್ತೆಪ್ಪ ಏಳ್ತಾನ.
ಕತ್ತೆಪ್ಪ ಎದ್ರ ಮಣ್ಣು ಬರ್ತದ.
ಮಣ್ಣು ಬಂದ್ರ ಕುಂಬಾರ ಮಾವ ಮುಚ್ಚಳ ಕೊಡ್ತಾನ.
ಮುಚ್ಚಳ ಕೊಟ್ರ ಇಲಿಯವ್ವ ನಾಣ್ಯ ಕೊಡ್ತಾಳ.
ನಾಣ್ಯ ಕೊಟ್ರ ಅಕ್ಕೋರು ಜೋಪಾನ ಇಡ್ತಾರ.
ಆನೀನ ಎಲ್ಲಾರೂ ನೋಡ್ತಾರ."

ಹುಲ್ಲವ್ವ ಕೊಡೂದಿಲ್ಲ ಅನ್ನಲಿಲ್ಲ. ಕೊಡಲೂ ಇಲ್ಲ. ಬಾಗಿ ಬಾಗಿ ಬೇಡಿಕೊಂಡಳು.

"ನನ್ನ ಬೇರು ಕೀಳಬ್ಯಾಡ, ಮಗಳ. ಬೇರು ಕಿತ್ರ ನಾ ಸಾಯ್ತೀನಿ. ಕುಡಗೋಲಿನಿಂದ ಕೊಯ್ಯಿ. ನಾ ಮತ್ತ ಬೆಳೀತೀನಿ."

ದ್ಯಾಮಿ ಕೈ ಬಿಟ್ಟಳು. ಬಾಗಿದ್ದ ಹುಲ್ಲನ್ನು ಮೆಲ್ಲಗೆ ನೆಟ್ಟಗೆ ನಿಲ್ಲಿಸಿದಳು. ಆಮೇಲೆ ತಟತಟ ತಟತಟ ಓಡಿದಳು. ಕಮ್ಮಾರ ಮೌನೇಶ ಕಾಕಾನ ಕುಲುಮೆಗೆ ಹೋದಳು.

"ಕಮ್ಮಾರ ಕಾಕಾ, ಕುಡಗೋಲು ಕೊಡು.
ಕುಡಗೋಲು ಕೊಟ್ರ ಹುಲ್ಲವ್ವ ಹುಲ್ಲು ಕೊಡ್ತಾಳ.
ಹುಲ್ಲು ಕೊಟ್ರ ಕತ್ತೆಪ್ಪ ಏಳ್ತಾನ.
ಕತ್ತೆಪ್ಪ ಎದ್ರ ಮಣ್ಣು ಬರ್ತದ.
ಮಣ್ಣು ಬಂದ್ರ ಕುಂಬಾರ ಮಾವ ಮುಚ್ಚಳ ಕೊಡ್ತಾನ.
ಮುಚ್ಚಳ ಕೊಟ್ರ ಇಲಿಯವ್ವ ನಾಣ್ಯ ಕೊಡ್ತಾಳ.
ನಾಣ್ಯ ಕೊಟ್ರ ಅಕ್ಕೋರು ಜೋಪಾನ ಇಡ್ತಾರ.
ಆನೀನ ಎಲ್ಲಾರೂ ನೋಡ್ತಾರ."

ಕಮ್ಮಾರ ಕಾಕಾ ಕೊಡೂದಿಲ್ಲ ಅನ್ನಲಿಲ್ಲ. ಕೊಡಲೂ ಇಲ್ಲ. ಕುಡುಗೋಲು ಇತ್ತು. ಆದರೆ ಮೊಂಡಾಗಿತ್ತು. ಅದನ್ನು ಕಾಯಿಸಬೇಕು, ಬಡಿಯಬೇಕು. ಕಾಯಿಸಲು ಬೆಂಕಿ ಬೇಕು. ಬೆಂಕಿಗೆ ಗಾಳಿ ಬೇಕು. ಗಾಳಿ ಊದುವ ಚರ್ಮದ ತಿದಿ ಹರಿದುಹೋಗಿತ್ತು. ಕಾಕಾ ಒತ್ತಿ ತೋರಿಸಿದ. ತಿದಿ ಪುಸ್ ಅಂತು. ಬೆಂಕಿ ಏಳಲಿಲ್ಲ.

ದ್ಯಾಮಿ ತಿದಿಯನ್ನು ತಲೆ ಮೇಲೆ ಹೊತ್ತಳು. ಭಾರ ಇತ್ತು. ಓಡಲು ಆಗಲಿಲ್ಲ. ದಡಬಡ ದಡಬಡ ನಡೆದಳು. ದುರುಗವ್ವ ಚಿಗವ್ವನ ಹತ್ತಿರ ಹೋದಳು. ಊರವರ ಚಪ್ಪಲಿಯನ್ನೆಲ್ಲ ಹೊಲಿಯುವವಳು ದುರುಗವ್ವ ಚಿಗವ್ವ.

"ಚಿಗವ್ವ, ಚಿಗವ್ವ, ತಿದಿ ಹೊಲಿ.
ತಿದಿ ಹೊಲಿದ್ರ ಕಮ್ಮಾರ ಕಾಕಾ ಕುಡಗೋಲು ಕೊಡ್ತಾನ.
ಕುಡಗೋಲು ಕೊಟ್ರ ಹುಲ್ಲವ್ವ ಹುಲ್ಲು ಕೊಡ್ತಾಳ.
ಹುಲ್ಲು ಕೊಟ್ರ ಕತ್ತೆಪ್ಪ ಏಳ್ತಾನ.
ಕತ್ತೆಪ್ಪ ಎದ್ರ ಮಣ್ಣು ಬರ್ತದ.
ಮಣ್ಣು ಬಂದ್ರ ಕುಂಬಾರ ಮಾವ ಮುಚ್ಚಳ ಕೊಡ್ತಾನ.
ಮುಚ್ಚಳ ಕೊಟ್ರ ಇಲಿಯವ್ವ ನಾಣ್ಯ ಕೊಡ್ತಾಳ.
ನಾಣ್ಯ ಕೊಟ್ರ ಅಕ್ಕೋರು ಜೋಪಾನ ಇಡ್ತಾರ.
ಆನೀನ ಎಲ್ಲಾರೂ ನೋಡ್ತಾರ."

ಚಿಗವ್ವ ಹೊಲಿಯೂದಿಲ್ಲ ಅನ್ನಲಿಲ್ಲ. ಹೊಲಿಯಲೂ ಇಲ್ಲ. ಸೂಜಿ ಇತ್ತು. ದಾರ ಇರಲಿಲ್ಲ. ಬೆಳಿಗ್ಗೆ ಒಂದು ಜೋಡು ಹೊಲಿಯುವುದರಲ್ಲಿ ಎಲ್ಲ ಮುಗಿದಿತ್ತು. ದ್ಯಾಮಿಯ ಬೆವರು ನೋಡಿ ಒಂದು ಲೋಟ ನೀರು ಕೊಟ್ಟಳು. ನೇಕಾರ ಈರಬಸಪ್ಪಜ್ಜನ ಮನೆಗೆ ಹೋಗು ಅಂದಳು.

ಬಿಸಿಲು ಆಗಲೇ ಇಳಿಯುತ್ತಿತ್ತು. ದ್ಯಾಮಿ ತಟತಟ ತಟತಟ ಓಡಿದಳು.

ಈರಬಸಪ್ಪಜ್ಜನ ಮನೆ ಬಸ್ ನಿಲ್ದಾಣದ ಪಕ್ಕದಲ್ಲೇ. ಅಜ್ಜನಿಗೆ ಕಣ್ಣು ಕಾಣುತ್ತಿರಲಿಲ್ಲ. ಬೆರಳಿನಿಂದಲೇ ಎಳೆ ಎಣಿಸುತ್ತಿದ್ದ. ಬೆರಳಿನಿಂದಲೇ ದಾರ ಸುತ್ತುತ್ತಿದ್ದ.

"ಅಜ್ಜಾ, ಅಜ್ಜಾ, ದಾರ ಕೊಡು.
ದಾರ ಕೊಟ್ರ ಚಿಗವ್ವ ತಿದಿ ಹೊಲೀತಾಳ.
ತಿದಿ ಹೊಲಿದ್ರ ಕಮ್ಮಾರ ಕಾಕಾ ಕುಡಗೋಲು ಕೊಡ್ತಾನ.
ಕುಡಗೋಲು ಕೊಟ್ರ ಹುಲ್ಲವ್ವ ಹುಲ್ಲು ಕೊಡ್ತಾಳ.
ಹುಲ್ಲು ಕೊಟ್ರ ಕತ್ತೆಪ್ಪ ಏಳ್ತಾನ.
ಕತ್ತೆಪ್ಪ ಎದ್ರ ಮಣ್ಣು ಬರ್ತದ.
ಮಣ್ಣು ಬಂದ್ರ ಕುಂಬಾರ ಮಾವ ಮುಚ್ಚಳ ಕೊಡ್ತಾನ.
ಮುಚ್ಚಳ ಕೊಟ್ರ ಇಲಿಯವ್ವ ನಾಣ್ಯ ಕೊಡ್ತಾಳ.
ನಾಣ್ಯ ಕೊಟ್ರ ಅಕ್ಕೋರು ಜೋಪಾನ ಇಡ್ತಾರ.
ಆನೀನ ಎಲ್ಲಾರೂ ನೋಡ್ತಾರ."

ಅಜ್ಜ ದಾರ ಸುತ್ತುತ್ತಲೇ ಕೇಳಿಸಿಕೊಂಡ. ಕೊನೆಯತನಕ ಕೇಳಿಸಿಕೊಂಡ. ದ್ಯಾಮಿ ಕಾದಳು. ಇವನಿಗೆ ಏನು ಬೇಕೋ? ಇನ್ನೆಲ್ಲಿಗೆ ಓಡಬೇಕೋ? ಬಸ್ಸು ಬಂದರೆ ಏನು ಗತಿ? ಅವಳ ಕಣ್ಣಲ್ಲಿ ನೀರು ಬಂತು.

ಅಜ್ಜ ಕೈ ಚಾಚಿದ. ಅಂಗೈಯಲ್ಲಿ ದಾರದ ಉಂಡೆ ಇತ್ತು.

"ನಿನಗ ಏನು ತರಲಿ, ಅಜ್ಜಾ?" ಅಂತ ದ್ಯಾಮಿ ಕೇಳಿದಳು.

"ಏನೂ ಬ್ಯಾಡ," ಅಂದ ಅಜ್ಜ. "ತಗೊಂಡು ಓಡು."

ದ್ಯಾಮಿ ಓಡಲಿಲ್ಲ. ಮೊದಲು ಅಜ್ಜನ ಕಾಲು ಮುಟ್ಟಿದಳು. ಬೆಳಗಿನಿಂದ ಬೇಡಿದ್ದನ್ನು ಏನೂ ಕೇಳದೆ ಕೊಟ್ಟವನು ಅವನೊಬ್ಬನೇ. ಆಮೇಲೆ ಓಡಿದಳು ನೋಡಿ!

ದಾರ ಚಿಗವ್ವನಿಗೆ ಕೊಟ್ಟಳು. ಚಿಗವ್ವ ತಿದಿ ಹೊಲಿದಳು. ದ್ಯಾಮಿ, "ಉಪಕಾರ ಆತು, ಚಿಗವ್ವ," ಅಂದಳು.

ತಿದಿ ಕಮ್ಮಾರ ಕಾಕಾನಿಗೆ ಕೊಟ್ಟಳು. ತಿದಿ ಬುಸ್ ಬುಸ್ ಅಂತು. ಬೆಂಕಿ ಎದ್ದಿತು. ಕಾಕಾ ಕುಡುಗೋಲು ಬಡಿದು ಕೊಟ್ಟ. "ಉಪಕಾರ ಆತು, ಕಾಕಾ," ಅಂದಳು.

ಕುಡುಗೋಲು ಹಿಡಿದು ಕೆರೆಯ ಏರಿಗೆ ಹೋದಳು. ಬೇರು ಬಿಟ್ಟು, ಬುಡ ಬಿಟ್ಟು ಕೊಯ್ದಳು. ಒಂದೇ ಹೊರೆ. ಹೆಚ್ಚು ಕೊಯ್ಯಲಿಲ್ಲ. "ಉಪಕಾರ ಆತು, ಹುಲ್ಲವ್ವ," ಅಂದಳು.

ಹುಲ್ಲು ಕತ್ತೆಪ್ಪನಿಗೆ ಕೊಟ್ಟಳು. ಕತ್ತೆಪ್ಪ ಕರಕರ ತಿಂದ. ಮೈ ಕೊಡವಿ ಎದ್ದ. ಕುಂಬಾರ ಮಾವನ ಜೊತೆ ಕೆರೆಗೆ ಹೋಗಿ ಎರಡು ಚೀಲ ಮಣ್ಣು ಹೊತ್ತು ತಂದ. "ಉಪಕಾರ ಆತು, ಕತ್ತೆಪ್ಪ," ಅಂದಳು.

ಮಣ್ಣು ಬಂತು. ಕುಂಬಾರ ಮಾವ ಮೊದಲೇ ಸುಟ್ಟಿಟ್ಟಿದ್ದ ಮುಚ್ಚಳಗಳ ರಾಶಿಯಲ್ಲಿ ಹುಡುಕಿ ಹುಡುಕಿ ಎಲ್ಲಕ್ಕಿಂತ ಪುಟ್ಟ ಮುಚ್ಚಳ ಆರಿಸಿ ಕೊಟ್ಟ. "ಉಪಕಾರ ಆತು, ಮಾವ," ಅಂದಳು.

ಮುಚ್ಚಳ ಇಲಿಯವ್ವನಿಗೆ ಕೊಟ್ಟಳು. ಇಲಿಯವ್ವ ನಾಣ್ಯ ಸರಿಸಿದಳು. ಮುಚ್ಚಳ ನಿಲ್ಲಿಸಿದಳು. ಸರಿಯಾಗಿ ಕೂತಿತು. ಒಂದು ಮರಿಗೂ ಎಚ್ಚರ ಆಗಲಿಲ್ಲ. ಆಮೇಲೆ ಮೂತಿಯಿಂದ ನಾಣ್ಯವನ್ನು ಹೊರಗೆ ತಳ್ಳಿದಳು. ದ್ಯಾಮಿ ಪಿಸುಗುಟ್ಟಿದಳು, "ಉಪಕಾರ ಆತು, ಇಲಿಯವ್ವ."

ನಾಣ್ಯ ಸಿಕ್ಕಿತು! ಮುಷ್ಟಿ ಬಿಗಿ ಹಿಡಿದಳು. ಈ ಸಲ ಓಡಲಿಲ್ಲ. ನೋಡಿ ನೋಡಿ ಹೆಜ್ಜೆ ಇಟ್ಟಳು.

ಶಾಲೆಯಲ್ಲಿ ಅಕ್ಕೋರು ಪೆಟ್ಟಿಗೆ ಮುಚ್ಚುತ್ತಿದ್ದರು. ದ್ಯಾಮಿ ಮುಷ್ಟಿ ಬಿಚ್ಚಿದಳು. ಅಕ್ಕೋರು ನೋಡಿದರು. ನೆಲದ ಮೇಲೆ ಅವಳ ಪಕ್ಕದಲ್ಲೇ ಕೂತುಬಿಟ್ಟರು. ಇಂಥ ನಾಣ್ಯ ನಮ್ಮಲ್ಲಿ ಒಂದೂ ಇಲ್ಲ ಅಂದರು. ಇದನ್ನು ಕೊಟ್ಟವರ ಹೆಸರು ಬರೆದು ಪಕ್ಕದಲ್ಲಿ ಇಡುತ್ತೇವೆ, ಯಾರ ಹೆಸರು ಬರೆಯಲಿ ಅಂತ ಕೇಳಿದರು.

ದ್ಯಾಮಿ ಹೇಳಿದಳು. ಬೆರಳು ಮಡಚಿ ಮಡಚಿ ಹೇಳಿದಳು.

"ಈರಬಸಪ್ಪಜ್ಜ. ದುರುಗವ್ವ ಚಿಗವ್ವ. ಕಮ್ಮಾರ ಕಾಕಾ. ಹುಲ್ಲವ್ವ. ಕತ್ತೆಪ್ಪ. ಕುಂಬಾರ ಮಾವ. ಇಲಿಯವ್ವ. ಆಮ್ಯಾಲೆ ನಾನು."

ಅಕ್ಕೋರು ನಗಲಿಲ್ಲ. ಎಲ್ಲ ಹೆಸರೂ ಬರೆದುಕೊಂಡರು.

ಬಸ್ಸಿಗೆ ಇನ್ನೂ ಸ್ವಲ್ಪ ಹೊತ್ತು ಇತ್ತು. ದ್ಯಾಮಿ ಅಕ್ಕೋರ ಕೈ ಹಿಡಿದು ಅಜ್ಜನ ಮನೆಗೆ ಕರೆದುಕೊಂಡು ಹೋದಳು. ಎಲ್ಲಾರೂ ನೋಡ್ತಾರ ಅಂತ ತಾನು ಊರೆಲ್ಲ ಹೇಳಿಕೊಂಡು ಬಂದಿದ್ದಳು. ಅಜ್ಜ ಹೇಗೆ ನೋಡಬೇಕು? ಅವಳು ಅಜ್ಜನ ಅಂಗೈಯಲ್ಲಿ ನಾಣ್ಯ ಇಟ್ಟಳು.

ಅಜ್ಜ ಬೆರಳು ಆಡಿಸಿದ. ಮೆಲ್ಲಗೆ ಆಡಿಸಿದ. ಸೊಂಡಿಲು ಸಿಕ್ಕಿತು. ಕಿವಿ ಸಿಕ್ಕಿತು. ಬೆನ್ನು ಸಿಕ್ಕಿತು. ನಾಲ್ಕು ಕಾಲು ಸಿಕ್ಕವು. ಬೆರಳು ಅಲ್ಲೇ ನಿಂತಿತು.

"ಮರಿ ಐತಿ," ಅಂದ ಅಜ್ಜ. "ಕಾಲಿನ ನಡುವ ಒಂದು ಮರಿ ಐತಿ."

ಅಕ್ಕೋರು ಭೂತಗನ್ನಡಿ ತೆಗೆದು ನೋಡಿದರು. ದ್ಯಾಮಿಗೂ ತೋರಿಸಿದರು. ಹೌದು! ತಾಯಿಯ ಕಾಲುಗಳ ನಡುವೆ ಒಂದು ಆನೆಮರಿ. ಸಾಸಿವೆಯಷ್ಟು ಕಿವಿ. ಎಳೆಯಷ್ಟು ಸೊಂಡಿಲು. ಕಣ್ಣಿದ್ದವರು ಯಾರೂ ಅದನ್ನು ಕಂಡಿರಲಿಲ್ಲ.

ಅಜ್ಜ ನಾಣ್ಯವನ್ನು ಎರಡೂ ಕೈಯಲ್ಲಿ ಹಿಡಿದು ಕೂತ. ಬಸ್ಸು ಬಂತು. ಅಕ್ಕೋರು ಅವಸರ ಮಾಡಲಿಲ್ಲ. ಕಂಡಕ್ಟರನೂ ಇಳಿದು ಬಂದು ನೋಡಿದ.

ಈಗಲೂ ಆ ನಾಣ್ಯ ಪೇಟೆಯ ಮ್ಯೂಸಿಯಂನಲ್ಲಿದೆ. ಪಕ್ಕದಲ್ಲಿ ಒಂದು ಉದ್ದನೆ ಚೀಟಿ ಇದೆ. ಅದರಲ್ಲಿ ಎಂಟು ಹೆಸರು. ಹೋದರೆ ಓದಿ. ಓದಲು ಬಾರದಿದ್ದರೆ ಈ ಕಥೆ ಹೇಳಿಕೊಳ್ಳಿ. ಎಂಟೂ ಹೆಸರು ನಿಮ್ಮ ಬಾಯಿಗೇ ಬರುತ್ತವೆ.

ಕಥೆ ಆಯಿತು. ಹೂಂ ಅಂದವರಿಗೆಲ್ಲ ಉಪಕಾರ ಆತು.