ಕತ್ತರಿ ಕಾಣದ ಅಂಗಿ

"ಗುರುಗಳೇ, ಇದಕ್ಕೆ ಇಷ್ಟೇ ಇಷ್ಟು ಪ್ಲಾಸ್ಟಿಕ್ ಅಂಟು ಬೆರೆಸಿದರೆ ತಪ್ಪೇ?" ಎಂದು ಶಾಂಭವಿ ಕೇಳಿದಳು.

ಅವಳ ಕೈಯಲ್ಲಿ ಒಂದು ಅಂಗಿಯಿತ್ತು. ಹಳತಾದ ಮೇಲೆ ಮಣ್ಣಲ್ಲಿ ಕರಗಲೆಂದು ಬಾಳೆನಾರನ್ನು ನೇಯ್ದು, ಕಡಲಪಾಚಿಯ ಅಂಟು ಕುಡಿಸಿ ಮಾಡಿದ್ದು. ದಕ್ಷಿಣ ಅಮೆರಿಕದ ಬೆಟ್ಟಗಳಲ್ಲಿ ಹಿಂದೆ ಬಾಳಿದ ಇಂಕಾ ಜನರ ಮೆಟ್ಟಿಲು ಚಿತ್ತಾರವನ್ನು ಅದರಲ್ಲಿ ತಂದಿದ್ದಳು. ಒಂದೇ ಮಳೆಗಾಲಕ್ಕೆ ಅದು ಬೂಷ್ಟು ಹಿಡಿದು, ಹೆಗಲ ಬಳಿ ಹರಿದು, ಅಂಗಿ ಅನ್ನಲು ನಾಚಿಕೆಯಾಗುವಂತಾಗಿತ್ತು.

"ಅವರ ಬಟ್ಟೆ ನೂರಾರು ವರ್ಷ ಉಳಿಯಿತು. ನನ್ನದು ಒಂದು ಮಳೆಗಾಲ ಉಳಿಯಲಿಲ್ಲ. ಅಂಟು ಬೆರೆಸಿದರೆ ಮಣ್ಣಲ್ಲಿ ಕರಗುವುದಿಲ್ಲ, ಗೊತ್ತು. ಆದರೆ ಉಳಿಯುತ್ತದೆ. ಬೇಡ ಅಂದರೆ ಈ ಕೆಲಸವನ್ನೇ ಬಿಡುತ್ತೇನೆ. ಮತ್ತೆ ಶುರುವಿನಿಂದ ಮಾಡುವ ಶಕ್ತಿ ನನಗಿಲ್ಲ."

ಗುರುಗಳು ಅಂಗಿಯನ್ನು ತೆಗೆದುಕೊಂಡು ಮೂಸಿದರು. "ವಾಸನೆಯಂತೂ ಜೋರಾಗಿದೆ. ಕೂತುಕೋ" ಎಂದು, ಕತೆ ಹೇಳಿದರು.

ಆ ಇಂಕಾ ಸೀಮೆಯಲ್ಲೇ, ಬೆಟ್ಟದ ಮೇಲಿನ ಒಂದು ಊರಿನಲ್ಲಿ, ಒಬ್ಬಳು ನೇಯ್ಗೆಯವಳಿದ್ದಳು. ಅಲ್ಲಿಯವರು ಬಟ್ಟೆಗೆ ಕತ್ತರಿ ಹಾಕುತ್ತಿರಲಿಲ್ಲ. ತೊಡುವವರ ಅಳತೆಗೇ ನೇಯ್ದು, ನಾಲ್ಕೂ ಕಡೆ ಅಂಚು ಮುಚ್ಚಿ ಮಗ್ಗದಿಂದ ಇಳಿಸುತ್ತಿದ್ದರು. ಇಳಿದ ಮೇಲೆ ಅದೂ ಒಂದು ಜೀವ, ಕೊಯ್ದರೆ ಕೊಂದಂತೆ. ಇನ್ನೊಂದು ಪದ್ಧತಿಯಿತ್ತು. ಆ ವರ್ಷ ನೇಯ್ದದ್ದರಲ್ಲಿ ಅತಿ ಚೆಂದದ್ದನ್ನು ಸೂರ್ಯನ ಹಬ್ಬದ ದಿನ ಬೆಂಕಿಗೆ ಕೊಡಬೇಕು. ಕೊಟ್ಟು ಬಂದು, ಮತ್ತೆ ಮಗ್ಗ ಹೂಡಬೇಕು.

ಒಂದು ವರ್ಷ ಈ ಹೆಂಗಸಿನ ಕೈಗೆ ಅದೇನು ಬಂತೋ, ಎರಡೂ ಮುಖಕ್ಕೆ ಒಂದೇ ಚಿತ್ತಾರ ಬೀಳುವಂಥ ಅಂಗಿ ನೇಯ್ದಳು. ಒಳಗು ಯಾವುದು, ಹೊರಗು ಯಾವುದು ಎಂದು ಅವಳಿಗೇ ತಿಳಿಯದು. ಇದನ್ನು ಸುಡುವುದೇ? ಪಾಪ, ಕರುಳು ಚುರುಕ್ಕೆಂದಿತು. ಯಾರಿಗಾದರೂ ಹಾಗನ್ನಿಸುವಂಥದ್ದೇ. ಕಾಳಿನ ಗುಡಾಣದ ಅಡಿಯಲ್ಲಿ ಅದನ್ನು ಬಚ್ಚಿಟ್ಟು, ಬೆಂಕಿಗೆ ಒಂದು ಸಾದಾ ಬಟ್ಟೆ ಕೊಟ್ಟಳು. ಸೂರ್ಯ ಏನೂ ಅನ್ನಲಿಲ್ಲ. ಊರಿನವರೂ ಅನ್ನಲಿಲ್ಲ.

ಆ ಚಿತ್ತಾರವನ್ನು ಅವಳು ಮತ್ತೆ ನೇಯಲಿಲ್ಲ. ಯಾಕೆ ನೇಯಬೇಕು? ಭದ್ರವಾಗಿತ್ತಲ್ಲ. ತೊಡುವ ಹಾಗಿರಲಿಲ್ಲ, ಯಾರಿಗೂ ತೋರಿಸುವ ಹಾಗಿರಲಿಲ್ಲ. ಆಗೀಗ ಗುಡಾಣದ ಅಡಿಗೆ ಕೈ ಹಾಕಿ, ಇದೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಪಕ್ಕದ ಮನೆಯವಳ ಬಟ್ಟೆಯೋ ವರ್ಷ ವರ್ಷವೂ ಸುಟ್ಟುಹೋಗುತ್ತಿತ್ತು. ಅವಳು ಗೊಣಗುತ್ತಲೇ ಮತ್ತೆ ತನ್ನ ಚಿತ್ತಾರವನ್ನೇ ನೇಯುತ್ತಿದ್ದಳು. ಮಗ್ಗದ ಪಕ್ಕ ಕೂತು ಕೂತು, ಅವಳ ಹೆಣ್ಣುಮಕ್ಕಳಿಗೆ ಅದು ಕಣ್ಣು ಮುಚ್ಚಿದರೂ ಬರುತ್ತಿತ್ತು.

ನಮ್ಮವಳಿಗೆ ವಯಸ್ಸಾಯಿತು, ಹಾಸಿಗೆ ಹಿಡಿದಳು. ಅವಳಿಗೆ ಒಬ್ಬಳೇ ಮಗಳು. ಆ ಚಿತ್ತಾರವನ್ನು ಮಗಳ ಕೈಗೆ ಹಾಕಿ ಹೋಗಬೇಕೆಂಬ ಒಂದೇ ಆಸೆ ಉಳಿದಿತ್ತು. ಗುಡಾಣ ಸರಿಸಿ ಅಂಗಿ ತೆಗೆಸಿದಳು. ಒಂದೆಳೆಯೂ ಮಾಸಿರಲಿಲ್ಲ. ಮಗಳು ಅದನ್ನು ತೊಡೆಯ ಮೇಲೆ ಹರಡಿಕೊಂಡಳು.

"ಅವ್ವಾ, ಇದನ್ನ ಹ್ಯಾಗೆ ನೇಯ್ದೆ? ಶುರು ಎಲ್ಲಿಂದ?"

ತಾಯಿ ಅಂಗಿಯನ್ನು ತಿರುಗಿಸಿದಳು. ಮತ್ತೊಮ್ಮೆ ತಿರುಗಿಸಿದಳು. ನಾಲ್ಕೂ ಅಂಚು ಮುಚ್ಚಿತ್ತು. ಹಿಡಿಯಲು ಒಂದು ತುದಿ ಸಿಗಲಿಲ್ಲ. ಕೊಯ್ದು ಎಳೆ ಬಿಡಿಸಿದ್ದರೆ ತಿಳಿಯುತ್ತಿತ್ತೇನೋ. ಕೊಯ್ಯಲು ಇಬ್ಬರಿಗೂ ಕೈ ಬರಲಿಲ್ಲ. ತಾಯಿ ಮಗ್ಗದ ಮುಂದೆ ಕೂತವಳ ಹಾಗೆ ಎರಡು ಕೈಯನ್ನೂ ಎತ್ತಿದಳು. ಬೆರಳುಗಳು ಒಂದಿಷ್ಟು ಆಡಿ, ನಿಂತುಬಿಟ್ಟವು.

"ಮರೆತುಬಿಟ್ಟೆ ಮಗಳೇ," ಎಂದಳು. "ಇದು ಇದೆಯಲ್ಲ ಅಂತ ಮರೆತುಬಿಟ್ಟೆ."

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು. ಶಾಂಭವಿ, "ಆಮೇಲೆ ಆ ಅಂಗಿ ಏನಾಯಿತು?" ಎಂದು ಕೇಳಿದಳು.

"ಅಂಗಿಗೇನು ಧಾಡಿ? ಇವತ್ತಿಗೂ ಹೊಸದರ ಹಾಗೆಯೇ ಇದೆ."

ಅವರು ಕೊಳೆತ ಅಂಗಿಯನ್ನು ಅವಳ ಮಡಿಲಿಗೆ ಹಾಕಿದರು.

"ಇದು ಹೋಯಿತಲ್ಲ, ಇದರ ಶುರು ಎಲ್ಲಿಂದ ಹೇಳು ನೋಡೋಣ?"

ಶಾಂಭವಿಯ ಬೆರಳು ತಾನಾಗಿಯೇ ಅಂಗಿಯ ಒಂದು ಮೂಲೆಗೆ, ಮೊದಲ ಎಳೆ ಹೂಡಿದ ಕಡೆಗೆ, ಹೋಗಿ ನಿಂತಿತ್ತು.