ತಂಗಿಯ ಆಟಕ್ಕೆ ಚೆಲುವ ರೂಟರ್ ಕೂರಿಸಿದ್ದು

ನಗಬೇಕು ಅನಿಸಿದರೆ ನಗಿ, ಆದರೆ ಪೂರ್ತಿ ಕೇಳಿಸಿಕೊಂಡು ನಗಿ. ಅರಸೀಕೆರೆಯ ಗಾಣಿಗರ ಬೀದಿಯಲ್ಲಿ ದ್ಯಾವಮ್ಮ ಅಂತ ಒಬ್ಬಳಿದ್ದಳು. ಮನೆಯ ಮುಂದುಗಡೆಯೇ ತಟ್ಟೆ ಇಡ್ಲಿ ಬೇಯಿಸಿ ಮಾರುತ್ತಿದ್ದಳು. ಅವಳಿಗೊಬ್ಬ ಮಗ, ಚೆಲುವ. ಆಳು ಬಾಗಿಲಷ್ಟು ಎತ್ತರ, ಮನಸ್ಸು ಹಾಲಿನಷ್ಟು ಬಿಳಿ. ತಲೆ ಮಾತ್ರ... ಏನು ಹೇಳೋಣ! ಹೇಳಿದ ಮಾತು ಹೇಳಿದ ಹಾಗೇ ಒಳಗೆ ಹೋಗಿ ಕೂರುತ್ತಿತ್ತು, ಒಂದಿಷ್ಟೂ ಆಚೀಚೆ ಸರಿಯುತ್ತಿರಲಿಲ್ಲ. "ಬಾಗಿಲು ನೋಡ್ಕೋ" ಅಂದರೆ ಬಾಗಿಲನ್ನೇ ನೋಡುತ್ತಾ ಕೂತಿರುತ್ತಿದ್ದ. ಹಿತ್ತಲಿಂದ ಕೋತಿ ಬಂದು ಬೆಲ್ಲದ ಡಬ್ಬ ಹೊತ್ತುಕೊಂಡು ಹೋದರೂ ತಿರುಗಿ ನೋಡುತ್ತಿರಲಿಲ್ಲ.

"ದೇವರೇ, ಇವನನ್ನ ಕಟ್ಕೊಂಡು ಹೇಗಪ್ಪಾ ಬಾಳ್ಲಿ!" ಅಂತ ದ್ಯಾವಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಚೆಲುವನಿಗೊಬ್ಬಳು ತಂಗಿ, ಕೋಮಲಾ. ಟಿವಿಗೆ ಕನ್ಸೋಲ್ ಅನ್ನೋ ಡಬ್ಬಿ ಸಿಕ್ಕಿಸಿ, ನೆಟ್ಟಿನಲ್ಲಿ ಊರೂರಿನವರ ಜೊತೆ ಕಾರ್ ರೇಸ್ ಆಡುತ್ತಿದ್ದಳು. ಬೀದಿಯವರು ಅವಳನ್ನು ಕರೆಯುತ್ತಿದ್ದದ್ದು "ಪೆದ್ದನ ತಂಗಿ" ಅಂತ. ಕೋಮಲಾ ಅಂತ ಅವಳ ಹೆಸರು ದೊಡ್ಡದಾಗಿ ಕಾಣಿಸುತ್ತಿದ್ದದ್ದು ಆ ಟಿವಿ ಪರದೆ ಮೇಲೆ ಮಾತ್ರ. ಈಗ ತಾಲ್ಲೂಕು ಪಂದ್ಯ ಬೇರೆ ಹತ್ತಿರ ಬಂದಿತ್ತು. ಆದರೆ ಮನೆಯ ನೆಟ್ಟು ಹಾಳು! ಕಾರು ಓಡುತ್ತಾ ಓಡುತ್ತಾ ಗಕ್ಕನೆ ನಿಂತುಬಿಡುತ್ತಿತ್ತು. ಕೋಮಲಾ ಕೇಬಲ್ ಲೋಕಣ್ಣನಿಗೆ ಫೋನ್ ಮಾಡಿದಳು.

"ರೂಟರ್ ಎಲ್ಲಿಟ್ಟಿದೀಯಮ್ಮ?" ಅಂದ ಲೋಕಣ್ಣ.

"ಮಂಚದ ಕೆಳಗೆ."

"ಅಲ್ಲಿಟ್ಟರೆ ಆಯ್ತು ಕತೆ! ಎತ್ತರದಲ್ಲಿ ಇಡು, ಅಡ್ಡ ಏನೂ ಇರಬಾರದು."

ಕೋಮಲಾ ಕಾಲೇಜಿಗೆ ಹೊರಟಿದ್ದಳು. "ಅಣ್ಣಾ, ಕೇಳಿಸ್ಕೊಂಡ್ಯಾ? ಎತ್ತರದಲ್ಲಿ ಇಡು. ಅಡ್ಡ ಏನೂ ಇರಬಾರದು."

"ಸರಿ ಕಣೇ!" ಅಂದ ಚೆಲುವ.

ಕಪಾಟಿನ ಮೇಲಿಟ್ಟು ನೋಡಿದ. ಸೂರು ಅಡ್ಡ ಇತ್ತು. ತಾರಸಿಗೆ ಹತ್ತಿದ. ನೀರಿನ ಟ್ಯಾಂಕು ಅಡ್ಡ ಇತ್ತು. ಟ್ಯಾಂಕಿನ ಮೇಲೆ ಹತ್ತಿದ. ಈಗ ಏನೂ ಅಡ್ಡ ಇಲ್ಲ! ವೈರು ಸಾಲಲಿಲ್ಲ, ಕಿತ್ತ. ರೂಟರನ್ನು ಅಲ್ಲಿ ಕೂರಿಸಿ, ಕೈಮುಗಿದು ಇಳಿದ. ಮಧ್ಯಾಹ್ನ ಕೋಮಲಾ ಬಂದು ನೋಡುತ್ತಾಳೆ, ಟ್ಯಾಂಕಿನ ಮೇಲೆ ರೂಟರು, ರೂಟರಿನ ಮೇಲೆ ಕಾಗೆ!

"ಅಯ್ಯೋ ಪೆದ್ದೇ!" ಅಂದಳು ದ್ಯಾವಮ್ಮ. "ಕರೆಂಟಿನ ಸಾಮಾನು ಕಣೋ ಅದು! ಬಿಸಿಲು ಧೂಳು ತಾಗದ ಹಾಗೆ ಒಳಗೆ ಮುಚ್ಚಿಡಬೇಕು!"

ಚೆಲುವನ ಕಿವಿ ಕೆಂಪಾಯಿತು. "ಸರಿ ಕಣಮ್ಮ. ಇನ್ಮೇಲೆ ಮುಚ್ಚಿಡ್ತೀನಿ."

ಮಾರನೇ ದಿನ ಕೋಮಲಾ ರೂಟರನ್ನು ಕಪಾಟಿನ ಮೇಲಿಟ್ಟು ವೈರು ಸಿಕ್ಕಿಸಿ ಆಡುತ್ತಾ ಆಡುತ್ತಾ ನೀರು ಕುಡಿಯಲು ಎದ್ದಳು. ಚೆಲುವ ಕನ್ಸೋಲ್ ನೋಡಿದ. ಕರೆಂಟಿನ ಸಾಮಾನು! ಹಾಗೇ ಬರಿಮೈಯಲ್ಲಿ ಕೂತಿದೆ! ಅಮ್ಮನ ಕಂಬಳಿ ತಂದು ಹೊದಿಸಿದ. ಸಾಲದು ಅಂತ ದಿಂಬನ್ನೂ ಇಟ್ಟ. ಸ್ವಲ್ಪ ಹೊತ್ತಿಗೆ ಕಂಬಳಿಯೊಳಗಿಂದ ಸುಟ್ಟ ವಾಸನೆ, ಟಿವಿ ಕಪ್ಪು.

"ಅಣ್ಣಾ! ಬಿಸಿಯಾಗೋ ವಸ್ತುಗೆ ಗಾಳಿ ಬೇಕು ಕಣೋ!" ಕೋಮಲಾ ಕೂಗಿಕೊಂಡಳು. "ಮುಚ್ಚಿರೋದನ್ನ ತೆಗೆದು ಫ್ಯಾನ್ ಹಾಕ್ಬೇಕು!"

"ಸರಿ ಕಣೇ. ಇನ್ಮೇಲೆ ಫ್ಯಾನ್ ಹಾಕ್ತೀನಿ." ಹೀಗಂದವನು ಆ ಹೊತ್ತು ಊಟಕ್ಕೂ ಬರಲಿಲ್ಲ. ತಂಗಿಯ ಮುಖ ನೋಡೋಕೆ ನಾಚಿಕೆ. ಪುಣ್ಯಕ್ಕೆ ಡಬ್ಬಿ ಆರಿದ ಮೇಲೆ ಮತ್ತೆ ಎದ್ದಿತು.

ಭಾನುವಾರ ಬೆಳಿಗ್ಗೆ ದ್ಯಾವಮ್ಮ ಇಡ್ಲಿ ಇಟ್ಟು ಕೊತ್ತಂಬರಿ ತರಲು ಹೋದಳು. "ಒಲೆ ಕಡೆ ಗಮನ ಇರ್ಲಿ" ಅಂದಳು. ಚೆಲುವ ಗಮನ ಇಟ್ಟ. ಪಾತ್ರೆ ಬುಸ್ ಅನ್ನುತ್ತಿತ್ತು. ಮುಟ್ಟಿದ, ಬಿಸಿ! ಮುಚ್ಚಳ ತೆಗೆದ, ಟೇಬಲ್ ಫ್ಯಾನ್ ತಂದು ಪಾತ್ರೆಗೆ ತಿರುಗಿಸಿ ಜೋರಾಗಿ ಬಿಟ್ಟ. ಇಡ್ಲಿಯೆಲ್ಲ ಕುಸಿದು ಅಂಟಾಯಿತು. ಗಿರಾಕಿಗಳು ಬಂದು "ಏನಪ್ಪಾ, ಇಡ್ಲಿ ಕೊಡಪ್ಪಾ" ಅಂದರೆ ಇವನು ಬಾಯ್ಬಿಟ್ಟುಕೊಂಡು ನಿಂತ. ಕಾದು ಕಾದು ಎಲ್ಲರೂ ಹೋದರು.

"ನನ್ನ ಹೊಟ್ಟೆ ಉರಿಸೋಕೆ ಹುಟ್ಟಿದೆಯಲ್ಲೋ!" ದ್ಯಾವಮ್ಮ ಸೌಟು ಎತ್ತಿದಳು. "ಮನೆ ಬಾಗಿಲಿಗೆ ಬಂದು ಕೇಳಿದವರಿಗೆ ಬಾಯ್ಬಿಟ್ಕೊಂಡು ನಿಲ್ಲೋದಾ? ನಗುನಗ್ತಾ ಕೇಳಿದ್ದನ್ನ ಕೊಟ್ಟು ಕಳಿಸಬೇಕು!"

"ಸರಿ ಕಣಮ್ಮ. ಕೇಳಿದ್ದನ್ನ ಕೊಡ್ತೀನಿ."

ಅಷ್ಟು ಹೊತ್ತಿಗೆ ಲೋಕಣ್ಣ ಬಂದು ರೂಟರನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದ. ಅದರಿಂದ ಕನ್ಸೋಲಿಗೆ ನೇರ ಒಂದು ವೈರು ಎಳೆದಿದ್ದ. ಕಾರು ನೀರಿನ ಹಾಗೆ ಓಡಿತು. ಅವತ್ತೇ ಶುರುವಾದ ತಾಲ್ಲೂಕು ಪಂದ್ಯದಲ್ಲಿ ಕೋಮಲಾ ಮೊದಲ ಸುತ್ತು ಗೆದ್ದಳು, ಎರಡನೆಯದೂ ಗೆದ್ದಳು. ಆದರೆ ಎದುರುಮನೆ ಹುಡುಗಿ ಬಾಗಿಲಿಗೆ ಬಂದು ಕೇಳಿದಳು. "ಚೆಲುವಣ್ಣಾ, ನಿಮ್ಮ ವೈಫೈ ಪಾಸ್‌ವರ್ಡ್ ಏನು?" ಚೆಲುವ ನಗುನಗುತ್ತಾ ಕೊಟ್ಟ. ಕ್ಷೌರದಂಗಡಿಯವನು ಕೇಳಿದ, ನಗುನಗುತ್ತಾ ಕೊಟ್ಟ. ಮೂಲೆಮನೆ ಅಜ್ಜಿ ಏನು ಅಂತ ತಿಳಿಯದೆಯೇ ಕೇಳಿದಳು, ಅವಳಿಗೂ ಕೊಟ್ಟ. ಸಂಜೆಗೆ ಇಡೀ ಬೀದಿ ಇವರ ಜಗಲಿ ಮೇಲೆ ಕೂತು ಫೋನಿನಲ್ಲಿ ಸಿನಿಮಾ ನೋಡುತ್ತಿತ್ತು. ಒಳಗೆ ಕೋಮಲಳ ಕಾರು ತೆವಳಿ ತೆವಳಿ ಹೇಗೋ ಗುರಿ ಮುಟ್ಟಿತು.

ಹೊರಗೆ ಬಂದು ನೋಡಿದ ಕೋಮಲಾ ಅತ್ತೇಬಿಟ್ಟಳು. "ನಿನ್ನಿಂದ ನಂಗೆ ತಲೆ ಎತ್ಕೊಂಡು ಓಡಾಡೋ ಹಾಗಿಲ್ಲ! ನಾಳೆ ಫೈನಲ್ಲು. ನಾನಾಡೋವಾಗ ಲೈನಲ್ಲಿ ನಾನೊಬ್ಬಳೇ ಇರ್ಬೇಕು. ಬೇರೆ ಒಂದು ನರಪಿಳ್ಳೆ ಇರಕೂಡದು!"

ಅವಳು ಅತ್ತದ್ದು ಚೆಲುವನ ಎದೆಗೆ ಚುಚ್ಚಿತು. ಬೈದರೆ ತಡೆದುಕೊಳ್ಳುತ್ತಿದ್ದ, ಅತ್ತರೆ ಹೇಗೆ ತಡೆದುಕೊಳ್ಳೋದು? "ನೀನೊಬ್ಬಳೇ ಕಣೇ," ಅಂದ. "ದೇವರಾಣೆ ನೀನೊಬ್ಬಳೇ."

ಫೈನಲ್ಲು ಶುರುವಾಯಿತು. ಚೆಲುವ ಪಾಸ್‌ವರ್ಡ್ ಬದಲಾಯಿಸಿದ್ದೀಯಾ ಅಂತ ತಂಗಿಯನ್ನು ಕೇಳಿ ತಿಳಿದುಕೊಂಡಿದ್ದ, ಜಗಲಿಯನ್ನೂ ನೋಡಿ ಬಂದಿದ್ದ, ಯಾರೂ ಇರಲಿಲ್ಲ. ನೆಮ್ಮದಿಯಿಂದ ಟಿವಿ ನೋಡಿದ. ಕೋಮಲಳ ಕಾರಿನ ಪಕ್ಕದಲ್ಲೇ ಇನ್ನೊಂದು ಕಾರು! ಅದರ ಮೇಲೆ ಹೆಸರು, ಶಬೀನಾ! ಟೈರ್ ಅಂಗಡಿ ಓಣಿಯ ಶಬೀನಾ, ಅವಳೂ ಫೈನಲ್ಲಿಗೆ ಬಂದವಳು.

ಚೆಲುವ ಬಿದ್ದಂಬೀಳ ಓಡಿದ. ಶಬೀನಾಳ ಮನೆ ಕಿಟಕಿಯಲ್ಲಿ ರೂಟರು ಮಿಣಮಿಣ ಅನ್ನುತ್ತಿತ್ತು. ಕೈ ಹಾಕಿ ವೈರು ಎಳೆದ. ಕೊನೆ ಮುರಿದು ವೈರು ಕೈಗೆ ಬಂತು. ಅದನ್ನು ನೀಟಾಗಿ ಸುತ್ತಿಕೊಂಡು ಮನೆಗೆ ಬಂದ.

ಮನೆಯಲ್ಲಿ ಕೋಮಲಾ ಕುಣಿಯುತ್ತಿದ್ದಳು. "ಗೆದ್ದೆ ಅಮ್ಮಾ! ಶಬೀನಾ ಕಾರು ನಿಂತೇಹೋಯ್ತು!"

"ನಿಲ್ದೆ ಏನು!" ಚೆಲುವ ಸುರುಳಿ ತೋರಿಸಿದ. "ನೀನೊಬ್ಬಳೇ ಇರ್ಬೇಕು ಅಂದ್ಯಲ್ಲ!"

ಕೋಮಲಾ ಕುಣಿಯುತ್ತಿದ್ದ ಕಾಲನ್ನು ಮೆಲ್ಲಗೆ ಕೆಳಗಿಟ್ಟಳು. ಈ ಸಲ ಅವಳು ಕೂಗಲಿಲ್ಲ. ಫೋನ್ ತೆಗೆದು ಪಂದ್ಯದವರಿಗೆ ನಡೆದದ್ದು ನಡೆದ ಹಾಗೆ ಹೇಳಿದಳು. "ನನ್ನ ಗೆಲುವು ಬೇಡ, ಮತ್ತೆ ಆಡಿಸಿ" ಅಂದಳು. ಸಂಜೆ ನಾಲ್ಕಕ್ಕೆ ಮತ್ತೆ ಆಟ ಅಂತಾಯಿತು.

ದ್ಯಾವಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಪರರ ಮನೆ ಕಿಟಕಿಗೆ ಕೈ ಹಾಕಿದೆಯಲ್ಲೋ! ಹೋಗು, ಆ ಮಗು ಹತ್ರ ತಪ್ಪಾಯ್ತು ಅನ್ನು. ನಮ್ಮದನ್ನ ಬಿಚ್ಚಿ ಕೊಟ್ಟಾದರೂ ಅವರದ್ದು ಸರಿ ಮಾಡ್ಕೊಡು!"

"ಸರಿ ಕಣಮ್ಮ."

ಬಿಚ್ಚಿದ. ವೈರು ಬಿಚ್ಚಿದ, ರೂಟರ್ ಬಿಚ್ಚಿದ, ಕನ್ಸೋಲ್ ಬಿಚ್ಚಿದ. ಎಲ್ಲವನ್ನೂ ಇಡ್ಲಿ ಬುಟ್ಟಿಯಲ್ಲಿಟ್ಟು ತಲೆ ಮೇಲೆ ಹೊತ್ತು ಶಬೀನಾಳ ಮನೆಗೆ ಹೋಗಿ ಇಳಿಸಿದ. "ತಪ್ಪಾಯ್ತು ತಾಯಿ. ನಮ್ಮದೆಲ್ಲ ನೀನೇ ಇಟ್ಕೋ."

ಶಬೀನಾ ಬುಟ್ಟಿ ನೋಡಿದಳು, ಅವನನ್ನು ನೋಡಿದಳು. "ಎಲ್ಲಾ ಇಲ್ಲಿಗೆ ತಂದ್ರೆ ಕೋಮಲಾ ಹೇಗಣ್ಣಾ ಆಡ್ತಾಳೆ?"

ಭೂಮಿ ಬಾಯ್ಬಿಟ್ಟರೆ ಚೆಲುವ ಇಳಿದುಬಿಡುತ್ತಿದ್ದ. ಗೋಡೆಗೆ ಮುಖ ಮಾಡಿ ನಿಂತ. ಅವನ ಬೆನ್ನು ನಡುಗುತ್ತಿದ್ದದ್ದು ನೋಡಿ ಶಬೀನಾಳ ಸಿಟ್ಟು ಇಳಿಯಿತು. "ಇರಲಿ ಬಿಡಿ. ಲೋಕಣ್ಣ ಬಂದು ನಮ್ಮ ಲೈನ್ ಸರಿ ಮಾಡ್ತಿದಾರೆ. ಅಬ್ಬಾಜಾನ್ ಅಂಗಡಿ ಟಿವಿನೂ ತರಿಸ್ತೀನಿ. ಇಬ್ಬರೂ ಇಲ್ಲೇ ಆಡ್ತೀವಿ. ನಾಲ್ಕಾಗ್ತಾ ಬಂತು, ಎತ್ಕೊಂಡಾದ್ರೂ ಕರ್ಕೊಂಡು ಬನ್ನಿ!"

ಎತ್ಕೊಂಡಾದರೂ! ಚೆಲುವ ಓಡಿದ. ಬರಿದಾದ ಟಿವಿ ಮುಂದೆ ಅಳುತ್ತಾ ಕೂತಿದ್ದ ತಂಗಿಯನ್ನು ಹೆಗಲಿಗೆ ಎತ್ತಿಕೊಂಡ. "ಬಿಡೋ ಅಣ್ಣಾ! ಎಲ್ಲರೂ ನೋಡ್ತಿದಾರೆ!" ಎಲ್ಲರೂ ನೋಡುತ್ತಿದ್ದರು. ಗಾಣಿಗರ ಬೀದಿ ನೋಡಿತು, ಟೈರ್ ಅಂಗಡಿ ಓಣಿ ನೋಡಿತು. ಕೋಮಲಾ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು.

ಆಟ ನಡೆಯುವಷ್ಟು ಹೊತ್ತೂ ಚೆಲುವ ಹೊಸ್ತಿಲಾಚೆ ಕುಕ್ಕರಗಾಲಲ್ಲಿ ಕೂತಿದ್ದ. ಒಳಗೆ ಬಾ ಅಂದರೂ ಹೋಗಲಿಲ್ಲ. ಪಕ್ಕಪಕ್ಕದಲ್ಲಿ ಕೂತು ಇಬ್ಬರೂ ಆಡಿದರು. ಕೋಮಲಾ ಕೂದಲೆಳೆಯಷ್ಟರಲ್ಲಿ ಸೋತಳು.

ಹೊರಗೆ ಬಂದಾಗ ಅವಳ ಮುಖದಲ್ಲಿ ಅಳು ಇರಲಿಲ್ಲ. ಶಬೀನಾ ಅವಳ ಹೆಸರು ಹಿಡಿದು, "ಕೋಮಲಾ, ನಿನ್ನಂಥ ಡ್ರೈವರ್ ನೋಡಿಲ್ಲ ಕಣೇ!" ಅಂದಿದ್ದಳು. ಅದು ಓಣಿಗೆಲ್ಲ ಕೇಳಿಸಿತ್ತು.

ಚೆಲುವ ಬುಟ್ಟಿ ಹಿಡಿದು ನೆಲ ನೋಡುತ್ತಾ ನಿಂತಿದ್ದ. "ನನ್ನಿಂದ ಸೋತೆ ಅಲ್ವೇನೇ?"

"ಇಲ್ಲ ಕಣೋ. ನನ್ನಿಂದಾನೇ ಸೋತೆ." ಬುಟ್ಟಿಯನ್ನು ತಾನೇ ತೆಗೆದುಕೊಂಡಳು. "ಹೀಗೆ ತಲೆ ತಗ್ಗಿಸ್ಬೇಡ ಅಣ್ಣಾ. ತಲೆ ಎತ್ಕೊಂಡು ಮನೆಗೆ ನಡಿ."

"ಸರಿ ಕಣೇ!"

ಚೆಲುವ ತಲೆ ಎತ್ತಿದ. ಪೂರ್ತಿ ಎತ್ತಿದ. ಗದ್ದ ಆಕಾಶಕ್ಕೆ ಮಾಡಿ ಬೀಸುಗಾಲು ಹಾಕಿದ. ಓಣಿ ದಾಟಿದ, ಗಾಣಿಗರ ಬೀದಿಗೆ ತಿರುಗಿದ, ಮೋಡ ನೋಡುತ್ತಾ ಮನೆ ಬಾಗಿಲನ್ನೂ ದಾಟಿದ. "ಲೋ ಚೆಲುವಾ! ಮನೆ ಇಲ್ಲಿ ಕಣೋ!" ಅಂತ ದ್ಯಾವಮ್ಮ ಸೌಟು ಹಿಡಿದು ಹಿಂದೆ ಓಡಿದಳು. ಅವನು ಅಷ್ಟು ಹೊತ್ತಿಗೆ ರೈಲ್ವೆ ಗೇಟಿನ ಹತ್ತಿರ, ಆಕಾಶದಲ್ಲಿ ಮನೆ ಹುಡುಕುತ್ತಾ ಹೋಗುತ್ತಿದ್ದ.